ಕಿವಿ ಸಾರ್ ಕೇಳಿ ತಂದ ಸ್ಪೀಕರ್

ಕಿವಿ ಸಾರ್ ಮನೆಯಲ್ಲಿ ಆ ಭಾನುವಾರ ನಡೆದ ರಾದ್ಧಾಂತಕ್ಕೆಲ್ಲ ಮೂಲ ಒಂದೇ ಒಂದು ಮಾತು: ಕೇಳು. ನಮ್ಮ ಭಾಷೆಯಲ್ಲಿ ಕಿವಿಗೊಟ್ಟರೂ ಕೇಳುವುದೇ, ಅಪ್ಪಣೆ ಬೇಡಿದರೂ ಕೇಳುವುದೇ. "ಸ್ಪೀಕರ್ ತಗೊಳ್ಳೋದಾದ್ರೆ ಕೇಳಿ ತಗೊಳ್ಳಿ" ಎಂದಿದ್ದರು ಹೆಂಡತಿ. ಸಾರ್ ಹಿಂದಿನ ದಿನವೇ ಅಂಗಡಿಗೆ ಹೋಗಿ, ಕಣ್ಣು ಮುಚ್ಚಿ ಕುಳಿತು, ಮೂರು ಗಂಟೆ ಕೇಳಿ, ತೆಗೆದುಕೊಂಡೇ ಬಿಟ್ಟರು.

ಬೆಳಗ್ಗೆ ಒಂಬತ್ತಕ್ಕೆ ಎರಡು ಸ್ಪೀಕರ್ ಬಂದು ಹಾಲಿನಲ್ಲಿ ನಿಂತವು. ಒಂದೊಂದೂ ಎದೆಯುದ್ದ.

"ಏನ್ರೀ ಇದು?"

"ನೀನೇ ಅಂದ್ಯಲ್ಲೇ, ಕೇಳಿ ತಗೊಳ್ಳಿ ಅಂತ. ಕೇಳೇ ತಗೊಂಡೆ."

"ನನ್ನನ್ನ ಕೇಳಿ ಅಂದಿದ್ದು ಕಣ್ರೀ!"

ಪೆಟ್ಟಿಗೆ ಬಿಚ್ಚುತ್ತಿದ್ದ ಅಂಗಡಿಯವನು ಇಂಥ ಜಗಳಗಳನ್ನು ಎಷ್ಟೋ ಕಂಡವನು. "ಸಂಜೆ ಆರರ ತನಕ ಇಟ್ಕೊಂಡು ನೋಡಿ ಮೇಡಂ. ಬೇಡ ಅನ್ನಿಸಿದ್ರೆ ವಾಪಸ್ ತಗೊಂಡು ಹೋಗ್ತೀನಿ" ಎಂದು ಜಾರಿಕೊಂಡ.

ಹೆಂಡತಿ ಶಾಲೆಯ ಹೆಡ್‌ಮೇಡಂ. ತೀರ್ಪು ಕೊಡಲು ಅವರಿಗೆ ಹೊತ್ತು ಬೇಕಿಲ್ಲ. "ಐದಕ್ಕೆ ನಾನು ಕೂತು ಒಂದು ಹಾಡು ಕೇಳ್ತೀನಿ. ನಮ್ಮ ಹಳೇ ರೇಡಿಯೋಗಿಂತ ಇದರಲ್ಲಿ ಏನು ಹೆಚ್ಚು ಅಂತ ನನಗೆ ಗೊತ್ತಾಗ್ಬೇಕು. ಗೊತ್ತಾಗ್ಲಿಲ್ವೋ, ಆರಕ್ಕೆ ಎರಡೂ ಹೊರಗೆ."

ಸಾರ್ ನಕ್ಕರು. ಇಪ್ಪತ್ತೆಂಟು ವರ್ಷದಿಂದ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ ಎಲ್ಲರ ಕಿವಿ ಪರೀಕ್ಷೆ ಮಾಡಿದವರು. ಯಾರಿಗೆ ಏನು ಕೇಳಿಸುತ್ತೆ, ಏನು ಕೇಳಿಸುವುದಿಲ್ಲ ಎಂದು ಬರೆದುಕೊಡುವ ಕೈ ಅವರದು. ಇಷ್ಟು ವರ್ಷವೂ ಇಂಥ ಒಂದು ಜೊತೆ ಸ್ಪೀಕರಿಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದವರು ಈಗ ಸುಮ್ಮನೆ ಕೈಬಿಟ್ಟಾರೆಯೇ?

ಸ್ಪೀಕರುಗಳನ್ನು ಗೋಡೆಗೆ ಒತ್ತಿ ಇಟ್ಟು ಹಾಡು ಹಾಕಿದರು. ಗಾಯಕಿ ಹಂಡೆಯೊಳಗೆ ಕೂತು ಹಾಡಿದ ಹಾಗಾಯಿತು. ಸದ್ದಿಗೆ ಮಹಡಿ ಮೇಲಿನ ಸರ್ವೇಯರ್ ಅಳತೆ ಟೇಪಿನ ಸಮೇತ ಇಳಿದು ಬಂದ.

"ಸಾರ್, ಇದು ಸಮಬಾಹು ತ್ರಿಕೋನ! ಎರಡು ಮೂಲೆಗೆ ಸ್ಪೀಕರು, ಮೂರನೇ ಮೂಲೆಗೆ ಕುರ್ಚಿ. ಒಂದಂಗುಲ ಆಚೀಚೆ ಆಗಬಾರದು."

ಅಳೆದ, ಸುರಿದ, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದ. ಕುರ್ಚಿಯ ಜಾಗ ಸರಿಯಾಗಿ ಅಡಿಗೆಮನೆಯ ಬಾಗಿಲಲ್ಲಿ ಬಂತು. ಹೆಡ್‌ಮೇಡಂ ಒಂದು ಲೋಟ ನೀರಿಗೂ ಗಂಡನ ಮೊಣಕಾಲು ದಾಟಿ ಹೋಗಬೇಕಾಯಿತು. ಎರಡು ಸಲ ದಾಟಿದರು. ಮೂರನೇ ಸಲ ನೋಡಿದ ನೋಟಕ್ಕೆ ಸೋಫಾ ವರಾಂಡಕ್ಕೆ ಹೋಯಿತು, ಊಟದ ಮೇಜು ಮೆಟ್ಟಿಲ ಬುಡಕ್ಕೆ ಹೋಯಿತು, ತ್ರಿಕೋನ ಮುಂದಕ್ಕೆ ಸರಿಯಿತು.

ಹಾಲ್ ಬರಿದಾದ ಮೇಲೆ ಎದುರುಮನೆ ಬಡಗಿ ಬಂದು ಚಪ್ಪಾಳೆ ತಟ್ಟಿದ. "ಕೇಳಿದ್ರಾ? ಸದ್ದು ಗೋಡೆಗೆ ಹೊಡೆದು ವಾಪಸ್ ಬರ್ತಿದೆ. ಮೆತ್ತಗಿರೋದು ಏನಾದ್ರೂ ನೇತುಹಾಕಿ ಸಾರ್. ಮೊಳೆ ನಾನು ಹೊಡೀತೀನಿ."

"ಗೋಡೆ ಹುಷಾರಪ್ಪ."

"ಅಯ್ಯೋ ಬಿಡಿ ಸಾರ್, ಗೋಡೆ ಮುಟ್ಟಿದ್ರೆ ಸಾಕು, ಒಳಗೇನಿದೆ ಅಂತ ನನಗೆ ಗೊತ್ತಾಗತ್ತೆ."

ನಾಲ್ಕನೇ ಮೊಳೆಗೆ ಒಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತಾಯಿತು. ನೀರಿನ ಪೈಪು. ಬುಸ್ಸೆಂದು ನೀರು ಚಿಮ್ಮಿತು. ಹೆಡ್‌ಮೇಡಂ ಜಾರಿ "ರೀ!" ಎಂದು ಕೈ ಚಾಚಿದರು. ಸಾರ್ ಓಡಿ ಬಂದು, ಎರಡೂ ತೋಳಿನಿಂದ ಬಾಚಿ ತಬ್ಬಿಕೊಂಡರು, ಎಡಗಡೆಯ ಸ್ಪೀಕರನ್ನು.

ಆ ವಿಷಯ ಇಲ್ಲಿಗೆ ಬಿಡೋಣ. ಪೈಪಿಗೆ ಬಟ್ಟೆ ಸುತ್ತಿ, ನೆಲ ಒರೆಸಿ, ಅಳಿಸಿಹೋದ ಗೆರೆಗಳನ್ನು ಮತ್ತೆ ಎಳೆದು, ಮನೆಯ ಕಂಬಳಿ, ಹಾಸಿಗೆ, ಸಾರ್ ಮದುವೆಯ ಕೋಟು ಎಲ್ಲವನ್ನೂ ಗೋಡೆಗೆ ತೂಗುಹಾಕುವಷ್ಟರಲ್ಲಿ ಐದಕ್ಕೆ ಐದು ನಿಮಿಷ ಇತ್ತು.

ಹೆಡ್‌ಮೇಡಂ ಬಂದು ಕುರ್ಚಿಯಲ್ಲಿ ಕೂತರು. ಸೊಂಟ ಇನ್ನೂ ನೋಯುತ್ತಿತ್ತು, ಮುಖ ಪರೀಕ್ಷಾ ಹಾಲಿನಲ್ಲಿದ್ದ ಹಾಗಿತ್ತು. ಸಾರ್ ತಮಗೆ ಮೂವತ್ತು ವರ್ಷದಿಂದ ಬಾಯಿಪಾಠವಾಗಿದ್ದ ಹಾಡು ಹಾಕಿದರು. ಮೊದಲ ಸಾಲಿಗೆ ಹೆಡ್‌ಮೇಡಂ ಹುಬ್ಬು ಇಳಿಯಿತು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಹಾಡು ಮುಗಿದಾಗ ಕಣ್ಣಂಚು ಒದ್ದೆಯಾಗಿತ್ತು.

"ರೀ, ಅವಳು ಇಲ್ಲೇ ನಿಂತು ಹಾಡಿದ ಹಾಗಿತ್ತು. ಉಸಿರು ಎಳ್ಕೊಳ್ಳೋದೂ ಕೇಳಿಸ್ತು. ಇರಲಿ ಬಿಡಿ, ಇವು ಇಲ್ಲೇ ಇರಲಿ."

ಸಾರ್ ಹಿಗ್ಗಿ ಹೀರೇಕಾಯಿಯಾದರು. ಸರ್ವೇಯರ್ ಬಡಗಿಯ ಕೈ ಕುಲುಕಿದ.

"ಅದರಲ್ಲೂ ಹಿಂದೆ ಆ ಸಣ್ಣ ಗಂಟೆ ಕಿಣಿಕಿಣಿ ಅಂತಿತ್ತಲ್ಲ, ಎಷ್ಟು ಚೆಂದ!" ಎಂದರು ಹೆಡ್‌ಮೇಡಂ.

"ಗಂಟೆ? ಯಾವ ಗಂಟೆ?" ಸಾರ್ ಮುಖ ಬಿಗಿಯಾಯಿತು. "ಆ ಹಾಡಲ್ಲಿ ಗಂಟೆನೇ ಇಲ್ವಲ್ಲೇ."

"ಇತ್ತು ಸಾರ್, ನನಗೂ ಕೇಳಿಸ್ತು" ಎಂದ ಸರ್ವೇಯರ್. ಬಡಗಿಯೂ ಹೌದೆಂದ.

ಸಾರ್ ಕುರ್ಚಿಯಲ್ಲಿ ಕೂತು ಮತ್ತೆ ಹಾಡು ಹಾಕಿದರು. ಗಂಟೆ ಇಲ್ಲ. ಆದರೆ ಉಳಿದ ಮೂವರು ಒಟ್ಟಿಗೆ ಬೆರಳೆತ್ತಿ "ಅದೋ!" ಎಂದರು. ಸಾರ್ ಒಂದು ಕ್ಷಣ ಯೋಚಿಸಿದರು, ಅಷ್ಟೇ. ಇಂಥ ವಿಷಯದಲ್ಲಿ ಅವರಿಗೆ ಅನುಮಾನ ಎಂಬುದೇ ಇಲ್ಲ.

"ಹಾಗಾದ್ರೆ ಈ ಸ್ಪೀಕರಿನಲ್ಲೇ ದೋಷ! ಇಲ್ಲದ ಸದ್ದು ಹೊರಡಿಸ್ತಿದೆ. ಆ ಅಂಗಡಿಯವನು ನನಗೇ ಮೋಸ ಮಾಡೋಕೆ ನೋಡ್ತಾನಾ?"

"ರೀ, ಚೆನ್ನಾಗೇ ಇದೆಯಲ್ಲ..."

"ನಿನಗೆ ಗೊತ್ತಾಗಲ್ಲ ಸುಮ್ನಿರೇ. ಕಿವಿ ವಿಷಯ ಇದು!" ಎಂದು ಸಾರ್ ತಾವೇ ಫೋನೆತ್ತಿ ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರು. ಆರಕ್ಕೆ ಹತ್ತು ನಿಮಿಷ ಇರುವಾಗ ಅವನು ಏದುಸಿರು ಬಿಡುತ್ತ ಬಂದು ಹಾಡು ಕೇಳಿದ. ಮತ್ತೊಮ್ಮೆ ಕೇಳಿದ. ಆಮೇಲೆ ಬಹಳ ಮೆತ್ತಗೆ ಹೇಳಿದ:

"ಸಾರ್, ಗಂಟೆ ಹಾಡಲ್ಲೇ ಇದೆ. ಇಂಥ ಸಣ್ಣ ಸದ್ದು ಕೇಳಿಸ್ಲಿ ಅಂತಲೇ ಜನ ಈ ಸ್ಪೀಕರ್ ತಗೊಳ್ಳೋದು. ವಯಸ್ಸಾಗ್ತಾ ಕೆಲವರಿಗೆ... ನೀವು ಒಂದ್ಸಲ ಟೆಸ್ಟ್ ಮಾಡಿಸ್ಕೊಳ್ಳಿ."

"ಯಾರ ಹತ್ರ ಮಾಡಿಸ್ಕೊಳ್ಳಲಯ್ಯಾ?" ಸಾರ್ ಸ್ವರ ಇಳಿದುಹೋಗಿತ್ತು. "ನಮ್ಮ ಕ್ಲಿನಿಕ್ಕಲ್ಲಿ ಟೆಸ್ಟ್ ಮಾಡೋನು ನಾನೊಬ್ಬನೇ."

ಯಾರೂ ನಗಲಿಲ್ಲ. ನಗು ತಡೆಯಲಾರದೆ ಬಡಗಿ ಮಾತ್ರ ಪೈಪು ನೋಡುವ ನೆಪ ಮಾಡಿ ಗೋಡೆಗೆ ತಿರುಗಿದ.

"ಹಾಗಾದ್ರೆ ಮೇಡಂ, ವಾಪಸ್ ತಗೊಂಡು ಹೋಗ್ಲಾ?"

"ಬೇಡಪ್ಪ, ಸ್ಪೀಕರ್ ಇರ್ಲಿ. ನನಗೆ ಬೇಕು" ಎಂದು ಹೆಡ್‌ಮೇಡಂ ಗಂಡನತ್ತ ತಿರುಗಿದರು. "ರೀ, ಸ್ವಲ್ಪ ಏಳ್ತೀರಾ? ಆ ಜಾಗದಲ್ಲಿ ಕೂತು ನಿಮಗೇನು ಆಗ್ಬೇಕಾಗಿದೆ?"

ಸಾರ್ ಎದ್ದರು. ಸೋಫಾ ವರಾಂಡದಲ್ಲಿತ್ತು, ಕೂರಲು ಬೇರೆ ಜಾಗವಿರಲಿಲ್ಲ. ಗೋಡೆಗೆ ತೂಗುಹಾಕಿದ ಹಾಸಿಗೆಗೆ ಒರಗಿ ನಿಂತರು. ಹಾಡು ಶುರುವಾಯಿತು.

"ಶ್! ಈಗ ಬರುತ್ತೆ ನೋಡಿ" ಎಂದರು ಹೆಡ್‌ಮೇಡಂ.

ನಾಲ್ವರೂ ಆಹಾ ಎಂದು ತಲೆದೂಗಿದರು. ಅವರ ಮುಖಗಳನ್ನು ನೋಡಿಕೊಂಡು, ಒಂದು ಕ್ಷಣ ತಡವಾಗಿ, ಕಿವಿ ಸಾರ್ ಕೂಡ ತಲೆದೂಗಿದರು.