ಸರ್ವರ್ ಮಾಲು

ರಾತ್ರಿ ಮೇಜಿನ ಕಡೆಯಿಂದ ಸಣ್ಣಗೆ ‘ಕೀಂ’ ಎಂದಿತು. ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದ ಗಣಿತದ ಮೇಷ್ಟ್ರು ಕೈ ಹಿಂದಕ್ಕೆಳೆದುಕೊಂಡರು. ಮತ್ತೆ ‘ಕೀಂ’. ಗಾಬರಿಯಲ್ಲಿ ಕಂಪ್ಯೂಟರ್ ಆರಿಸಿ, ಆ ಕೋಣೆಯ ಬಾಗಿಲೆಳೆದು ಹೋಗಿ ಮಲಗಿದರೂ, ನಾಳೆ ಸಂಜೆಯೊಳಗೆ ಪತ್ರಿಕೆ ಹೆಡ್‌ಮಿಸ್ಸಿಗೆ ತಲುಪದಿದ್ದರೆ ತಮ್ಮ ಗತಿಯೇನೆಂದು ಬೆಳಗಿನವರೆಗೂ ಮಗ್ಗುಲು ಬದಲಿಸಿದರು.

ಬೆಳಿಗ್ಗೆ ಹೆಂಡತಿ ತನ್ನ ಅಣ್ಣನಿಗೆ ಫೋನು ಮಾಡಿದ್ದೇ ತಪ್ಪಾಯಿತು. ಭಾವ ದೊಡ್ಡ ಆಫೀಸೊಂದರ ಸರ್ವರ್ ಕೋಣೆಯಲ್ಲಿ ಕೆಲಸ ಮಾಡುವವರು.

“ಮೆಮೊರಿ ಕೆಟ್ರೇನೇ ಹಾಗೆ ಕೂಗೋದು. ಆನ್ ಮಾಡ್ಲೇಬೇಡಿ ಅನ್ನು ಮೇಷ್ಟ್ರಿಗೆ. ಬಂದೆ!”

ಬಂದವರೇ ಕಂಪ್ಯೂಟರಿನ ಡಬ್ಬ ಬಿಚ್ಚಿದರು. ಹಳೆಯ ಮೆಮೊರಿ ಪಟ್ಟಿಯನ್ನು ಕಿತ್ತು, ಸೀಮೆಸುಣ್ಣದ ಹಾಗೆ ಲಟಕ್ಕನೆ ಮುರಿದರು.

“ಅಯ್ಯೋ ಭಾವ!”

“ಮುರೀದಿದ್ರೆ ಮತ್ತೆ ಅದನ್ನೇ ಹಾಕ್ಕೋತೀರಿ, ನಿಮ್ಮ ಜಿಪುಣತನ ಗೊತ್ತಿಲ್ವಾ? ತಗೊಳ್ಳಿ, ಸರ್ವರ್ ಮಾಲು!”

ಎದುರುಮನೆಯ ಕಂಪ್ಯೂಟರ್ ಅಂಗಡಿಯಾಕೆ ಕಿಟಕಿಯಿಂದಲೇ ಕತ್ತು ಚಾಚಿದರು. “ಅದು ರಿಜಿಸ್ಟರ್ಡ್ ಮೆಮೊರಿ ರೀ. ಮಧ್ಯೆ ದಲ್ಲಾಳಿ ಥರ ಒಂದು ಚಿಪ್ ಕೂತಿರುತ್ತೆ, ಸರ್ವರಿಗೇ ಸರಿ. ಮನೆ ಕಂಪ್ಯೂಟರಿಗೆ ದಲ್ಲಾಳಿ ಇಲ್ಲದ ಅನ್‌ಬಫರ್ಡೇ ಬೇಕು.”

“ಸಾವಿರ ಜನರ ಕೆಲಸ ಹೊತ್ತಿದ್ದು, ಇವರದೊಂದು ಪ್ರಶ್ನೆಪತ್ರಿಕೆ ಹೊರಲ್ವಾ?” ಎಂದು ಭಾವ ತಾವು ತಂದ ಪಟ್ಟಿಯನ್ನೇ ಸಿಕ್ಕಿಸಿ ಗುಂಡಿ ಒತ್ತಿದರು.

ಫ್ಯಾನು ತಿರುಗಿತು. ಪರದೆ ಮಾತ್ರ ಒರೆಸಿಟ್ಟ ಕರಿಹಲಗೆಯಂತೆ ಕಪ್ಪಗೆ ಕೂತಿತು.

“ಬಿಸಿಯಾಗ್ಬೇಕು. ಊಟ ಮಾಡಿ ಒಂದು ನಿದ್ದೆ ತೆಗೀತೀನಿ.”

ಭಾವನಿಗೆ ಎದುರಾಡುವ ಧೈರ್ಯ ಮೇಷ್ಟ್ರಿಗೆ ಮದುವೆಯಾದಾಗಿನಿಂದಲೂ ಇಲ್ಲ. ಗೊರಕೆ ಕೇಳಿಸಿದ ಮೇಲೆ ಕಳ್ಳನಂತೆ ಬೀದಿ ದಾಟಿ, ಅನ್‌ಬಫರ್ಡ್ ಪಟ್ಟಿ ಕೊಂಡು ತಂದು ಹಾಕಿದರು. ಸರ್ವರ್ ಮಾಲನ್ನು ಜೇಬಿಗಿಳಿಸಿದರು. ಪರದೆ ಬೆಳಗಿತು. ಹೊತ್ತಿಗೆ ಸರಿಯಾಗಿ ಪತ್ರಿಕೆ ಹೋಯಿತು.

ಕಣ್ಣುಜ್ಜಿಕೊಂಡು ಬಂದ ಭಾವ ಬೀಗಿದರು. “ಹೇಳಿರ್ಲಿಲ್ವಾ? ಬಿಸಿಯಾಯ್ತು ನೋಡಿ!”

ಮೇಷ್ಟ್ರು ಕೈಮುಗಿದು ಅವರನ್ನು ಕಳಿಸಿದರು. ಕಂಪ್ಯೂಟರ್ ಆರಿಸಿ ಪ್ಲಗ್ಗನ್ನೂ ಕಿತ್ತರು.

‘ಕೀಂ.’

ಕರೆಂಟೇ ಇಲ್ಲದ ಡಬ್ಬ ಕೂಗುವುದೆಂದರೇನು? ಮೆಲ್ಲಗೆ ಬಗ್ಗಿ ಅದರ ಹಿಂದೆ ನೋಡಿದರು. ಹೊಸ ಮನೆಗೆಂದು ಭಾವನೇ ಕೊಟ್ಟಿದ್ದ ಅಲಾರಂ ಗಡಿಯಾರ! ಸೆಲ್ಲು ಮುಗಿಯುತ್ತ ಬಂದು ಅಂಕಿಗಳು ಮಸುಕಾಗಿದ್ದವು. ಅವರು ನೋಡನೋಡುತ್ತಲೇ ಅದು ಇನ್ನೊಮ್ಮೆ ಕೂಗಿತು.

ಪಕ್ಕದಲ್ಲಿ ಹಳೆಯ ಮೆಮೊರಿ ಎರಡು ತುಂಡಾಗಿ ಬಿದ್ದಿತ್ತು. ಪಾಪ, ಅದಕ್ಕೇನೂ ಆಗಿರಲಿಲ್ಲ.

“ರೀ, ಮತ್ತೆ ಕೂಗ್ತಲ್ಲಾ!” ಅಡುಗೆಮನೆಯಿಂದ ಹೆಂಡತಿಯ ದನಿ. “ಅಣ್ಣ ಇನ್ನೂ ಮೆಟ್ಟಿಲಿಳೀತಿದಾನೆ, ಕರೀಲಾ?”

“ಬೇಡ ಬೇಡ! ಕೂಗಿದ್ದು ನಾನೇ!”

ಮೇಷ್ಟ್ರು ಗಡಿಯಾರದ ಸೆಲ್ಲು ಕಿತ್ತು, ಸರ್ವರ್ ಮಾಲಿದ್ದ ಜೇಬಿಗೇ ತುರುಕಿದರು. ಜೇಬಿನ ಮೇಲೆ ಕೈಯಿಟ್ಟುಕೊಂಡು, ಬದುಕಿರುವವರೆಗೂ ಇದನ್ನು ಯಾರಿಗೂ ಹೇಳಬಾರದೆಂದು ನಿರ್ಧರಿಸಿದರು.