ಎರಡನೆಯದಾಗಿ ಬಂದವರು

ವಿಲೋ ಬೆಂಡ್ ಜಿಲ್ಲೆಯ ಇತಿಹಾಸವು ೧೯೦೩ರ ಮೇ ತಿಂಗಳಿನಲ್ಲಿ, ವಲಸೆ ಬಂದ ಹಾಲ್ವರ್‌ಸನ್ ಕುಟುಂಬದ ಎತ್ತಿನ ಬಂಡಿ ತೊರೆಯ ಕೆಸರಿನಲ್ಲಿ ಹೂತುಹೋದ ಕ್ಷಣದಿಂದ ಆರಂಭವಾಯಿತೆಂದು ನಮ್ಮ ಸ್ಮಾರಕ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಅದಕ್ಕೂ ಮೊದಲು ಇಲ್ಲಿ ಹುಲ್ಲು ಇತ್ತು. ಹುಲ್ಲಿನ ಬಗ್ಗೆ ಸಮಿತಿಗೆ ತಕರಾರಿಲ್ಲ.

ಬಂಡಿ ಹೂತ ಜಾಗದಲ್ಲಿ ಕಲ್ಲು ನಿಲ್ಲಿಸಬೇಕೆಂದಾಯಿತು. ಯಾರ್ಯಾರ ಹೆಸರು ಕೆತ್ತಿಸುವುದೆಂದು ಚರ್ಚೆ ನಡೆಯುತ್ತಿದ್ದಾಗ, ಇಲ್ಲಿನ ಮೂಲನಿವಾಸಿಗಳಾದ ಕ್ರೀ ಜನರ ಪಕ್ಕದ ಮೀಸಲು ಪ್ರದೇಶದಿಂದ ರೋಸಲಿನ್ ಒಕೆಮೇಸಿಮ್ ಎಂಬ ಹಿರಿಯರು ಬಂದು ಕೂತರು.

"ಬಂಡೀನ ಕೆಸರಿಂದ ಎತ್ತಿದ್ದು ನಮ್ಮ ಮುತ್ತಜ್ಜ ಪಿಯೇಸಿಸ್. ಆ ಚಳಿಗಾಲ ಪೂರ್ತಿ ನಿಮ್ಮೋರಿಗೆ ಮಾಂಸ ಕೊಟ್ಟು ಬದುಕಿಸಿದ್ದೂ ಅವನೇ. ಅವನ ಹೆಸರೂ ಹಾಕಿ."

ಅಧ್ಯಕ್ಷರಾದ ಆರ್ವಿಡ್ ಹಾಲ್ವರ್‌ಸನ್ ಕನ್ನಡಕ ತೆಗೆದು ಒರೆಸಿಕೊಂಡರು. ಸುಳ್ಳು ಎನ್ನುವಂತಿರಲಿಲ್ಲ, ಅವರ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದರು. ತೊಡಕಿದ್ದದ್ದು ನಿಯಮದಲ್ಲಿ.

"ತಪ್ಪು ತಿಳೀಬೇಡಿ ರೋಸಲಿನಮ್ಮ. ಕಲ್ಲಿನ ಮೇಲೆ ಇಲ್ಲಿಗೆ ಬಂದೋರ ಹೆಸರು ಮಾತ್ರ. ನಿಮ್ಮೋರು ಬರಲೇ ಇಲ್ವಲ್ಲ, ಸುಮ್ನೆ ಇದ್ದುಬಿಟ್ಟಿದ್ರು."

"ಇದ್ದದ್ದು ತಪ್ಪಾ?"

"ತಪ್ಪು ಅಂತಲ್ಲ. ಅದಕ್ಕೆ ಕಾಲಂ ಇಲ್ಲ."

ಖಜಾಂಚಿ ಓಲ್ಗಾ ಹ್ರಿನ್ಚುಕ್ ದಾರಿಯೊಂದನ್ನು ಸೂಚಿಸಿದರು: ಕಲ್ಲಿನ ಹಿಂಬದಿಯಲ್ಲಿ 'ಹವಾಮಾನ ಮತ್ತು ಇತರೆ' ಎಂಬ ಭಾಗವಿರುತ್ತದೆ, ಮುತ್ತಜ್ಜನನ್ನು ಅಲ್ಲಿ ಸೇರಿಸಬಹುದು.

"ಹವಾಮಾನ ನಿಮ್ಮೋರನ್ನ ಸಾಯಿಸೋಕೆ ನೋಡಿತ್ತು ಕಣಮ್ಮ," ಎಂದರು ರೋಸಲಿನ್. "ಅದರ ಜೊತೆ ಅವನನ್ನ ಸೇರಿಸಬೇಡ."

ಸಭೆ ಕಾಫಿ ಕುಡಿಯಿತು. ಆಮೇಲೆ ಆರ್ವಿಡ್ ಕೇಳಿದರು, "ಅವತ್ತು ಬಂಡಿ ಹೂತಾಗ ನಿಮ್ಮ ಮುತ್ತಜ್ಜ ಎಲ್ಲಿದ್ರು?"

"ಗುಡ್ಡದ ಆಚೆ. ನಿಮ್ಮ ಎತ್ತಿನ ಅರಚಾಟ ಕೇಳಿ ಓಡಿ ಬಂದ."

"ಬಂದ್ರು ಅಂದ್ರಾ?" ಆರ್ವಿಡ್ ಎದ್ದೇ ನಿಂತರು. "ಬಂದ್ರು ಅಂತ ನೀವೇ ಹೇಳಿದ್ರಿ!"

ಕೂಡಲೇ ಠರಾವು ಆಯಿತು. ಪಿಯೇಸಿಸ್ ಅವರು ಗುಡ್ಡದ ಆಚೆಯಿಂದ, ಬಂಡಿ ಹೂತ ಮೇಲೆ ಆಗಮಿಸಿದ್ದರಿಂದ, ಜಿಲ್ಲೆಯ ಎರಡನೆಯ ವಲಸಿಗರೆಂದು ಪರಿಗಣಿಸತಕ್ಕದ್ದು.

ರೋಸಲಿನ್ ಠರಾವಿನ ಹಾಳೆ ತೆಗೆದುಕೊಂಡು ಎರಡು ಸಲ ಓದಿದರು. ಮುತ್ತಜ್ಜನ ಹೆಸರು ಇದುವರೆಗೆ ಯಾವ ಕಲ್ಲಿನ ಮೇಲೂ ಬಿದ್ದಿರಲಿಲ್ಲ. ಅವನನ್ನು ಹೂಳಿದ ಜಾಗದಲ್ಲೀಗ ಗೋಧಿ ಬೆಳೆಯುತ್ತಿದೆ. ಕೊನೆಗೆ, "ಕೆತ್ತಿ. ಕಾಗುಣಿತ ಮಾತ್ರ ಕೆಡಿಸಬೇಡಿ," ಎಂದರು.

ಕಲ್ಲು ನಿಂತಿತು. ಕಾಗುಣಿತ ಸರಿಯಾಗಿತ್ತು. ರೋಸಲಿನ್ ಪ್ರತಿ ಅಕ್ಷರವನ್ನೂ ಬೆರಳಿಂದ ಸವರಿ ನೋಡಿದರು. ವಲಸೆ ಬಂದ ಕುಟುಂಬಗಳಿಗೆ ಅಧಿಕೃತ ಸ್ವಾಗತ ಕೋರತಕ್ಕದ್ದೆಂಬ ನಿಯಮವೂ ಇದ್ದುದರಿಂದ, ಆರ್ವಿಡ್ ಎಲ್ಲರೆದುರು ಅವರ ಕೈಕುಲುಕಿ, ಹಣ್ಣಿನ ಪೈ ಕೊಟ್ಟು ವಿಚಾರಿಸಿಕೊಂಡರು:

"ನಮ್ಮೂರು ಹಿಡಿಸ್ತಾ?"

"ಪರವಾಗಿಲ್ಲಪ್ಪ. ಚಳಿ ಸ್ವಲ್ಪ ಜಾಸ್ತಿ."

"ಹೊಸಬರಿಗೆ ಹಂಗನ್ಸುತ್ತೆ," ಎಂದು ಆರ್ವಿಡ್ ಸಮಾಧಾನ ಹೇಳಿದರು. "ಬರ್ತಾ ಬರ್ತಾ ಒಗ್ಗಿಹೋಗುತ್ತೆ."

ಹೌದೌದೆಂದು ನಾವೆಲ್ಲ ತಲೆಯಾಡಿಸಿದೆವು.