ವಿಷಯ: ಮುಂಜಾನೆ ಎಂಟರ ಬಸ್ಸು

ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಎದುರಿಗೆ ನಂದೊಂದು ಟೈಪಿಂಗ್, ಝೆರಾಕ್ಸ್ ಅಂಗಡಿ ಐತ್ರಿ. ಎಲ್ಲಾರ ಕೈಯಾಗ ಮೊಬೈಲ್ ಬಂದ ಮ್ಯಾಲೆ ಪತ್ರ ಬರಸಾಕ ಯಾರ ಬರ್ತಾರ ಅಂತ ಕೇಳ್ತೀರಿ? ಬರ್ತಾರ್ರಿ. ಬೈಯಾಕ ವಾಟ್ಸಾಪ್ ಸಾಕು, ಕೆಲಸ ಆಗಬೇಕಂದ್ರ ಕಾಗದನ ಬೇಕು. ಹಿಂಗಾಗಿ ನನ್ನ ಅಂಗಡ್ಯಾಗ ನಗೂದಕ್ಕ ಎಂದೂ ಬರ ಬಿದ್ದಿಲ್ಲ.

ಪತ್ರ ಬರಿಯೂದ್ರಾಗ ನಂದೊಂದು ಕಾನೂನು. ಮೊದಲನೇ ಸಾಲಿನ್ಯಾಗ ಕೆಲಸ ಹೇಳಬೇಕು, ಎರಡನೇದ್ರಾಗ ಕಾರಣ, ಮೂರನೇದ್ರಾಗ ನಮಸ್ಕಾರ. ಮುಗೀತು. ಈ ಕಾನೂನು ಮುರಿಯಾಕ ಅಂತನ ದೇವರು ಮಂದೀನ ಆರಿಸಿ ಆರಿಸಿ ನನ್ನ ಕಡೆ ಕಳಸ್ತಾನ.

೧. ನಾವೆಲ್ಲಾ ಕ್ಷೇಮ

ಐರಣಿ ಕಡೆ ಹೊಳಿ ದಂಡಿ ಮ್ಯಾಲಿನ ಸಣ್ಣ ಹಳ್ಳಿಯಿಂದ ಒಬ್ಬಾಕಿ ಅಜ್ಜಿ ಬಂದ್ಲು. ಆಕೀ ಮೊಮ್ಮಗಳು ರಾಣೆಬೆನ್ನೂರಾಗ ಕಾಲೇಜು ಕಲಿತಾಳ. ಕಾಲೇಜು ಶುರುವಾಗೂದು ಒಂಬತ್ತಕ್ಕ, ಆ ಹಳ್ಳಿಗೆ ಮೊದಲನೇ ಬಸ್ಸು ಬರೂದು ಒಂಬತ್ತೂವರಿಗೆ! ಹಾಜರಿ ಕಡಿಮಿ ಬಿದ್ರ ಪರೀಕ್ಷಾಕ್ಕ ಕುಂದ್ರಸಂಗಿಲ್ಲ ಅಂತ ಕಾಲೇಜಿನವರು ಹೇಳಿಬಿಟ್ಟಿದ್ರು.

"ನಮ್ಮ ಮನಿತನದಾಗ ಕಾಲೇಜು ಕಟ್ಟಿ ಹತ್ತಿದಾಕಿ ಇಕೀನ ಮೊದಲನೇದಾಕಿ, ಯವ್ವಾ. ಎಂಟಕ್ಕೊಂದು ಬಸ್ಸು ಬರುವಂಗ ಬರಿ" ಅಂದ್ಲು. ಕಣ್ಣಾಗ ನೀರು ನಿಂತಿತ್ತು.

"ಹೇಳು ಅಜ್ಜಿ, ಬರೀತೀನಿ" ಅಂದೆ. ಅಜ್ಜಿ ಸೆರಗು ಸರಿ ಮಾಡಿಕೊಂಡು ಶುರು ಮಾಡಿದ್ಲು. "ಡಿಪೋ ಸಾಹೇಬ್ರಿಗೆ ಶರಣು ಶರಣಾರ್ಥಿ. ಇಲ್ಲಿ ನಾವೆಲ್ಲಾ ಕ್ಷೇಮ. ನಿಮ್ಮ ಮನ್ಯಾಗ ಬಾಯಾರು, ಮಕ್ಕಳು ಆರಾಮ ಅದಾರಿಲ್ಲೋ? ನಮ್ಮ ಕೆಂದಾಕಳ ಮನ್ನೆ ಕರು ಹಾಕೇತಿ..."

"ಅಜ್ಜಿ, ಬಸ್ಸಿನ ಅರ್ಜ್ಯಾಗ ಆಕಳ ಯಾಕ ಬೇ?"

"ಕ್ಷೇಮ ಹೇಳದ ಕೆಲಸ ಹೇಳೂದು ಯಾವೂರ ರೀತಿ? ನಾವೇನು ಗುರುತಿಲ್ಲದ ಮಂದಿ ಏನು?"

ನಾನು ಕೇಳಲಿಲ್ಲ. ಆಕಳ ತಗದೆ, ಕರು ತಗದೆ, ಬಾಯಾರ್ನೂ ತಗದೆ. ಮೂರ ಸಾಲಿನ ಅರ್ಜಿ ಹೋತು. ಡಿಪೋದಿಂದ ಒಂದ ಸಾಲಿನ ಉತ್ತರ ಬಂತು: "ಪರಿಶೀಲಿಸಲಾಗುವುದು."

ಅಜ್ಜಿ ಖುಷಿಯಿಂದ, "ಹಂಗಂದ್ರ ಯಾವಾಗ ಬರತೈತಿ?" ಅಂದ್ಲು.

"ಹಂಗಂದ್ರ ಬರೂದಿಲ್ಲ ಅಂತ, ಅಜ್ಜಿ."

ಅಜ್ಜಿ ನನ್ನ ಮುಖಾನ ನೋಡಿದ್ಲು. "ನೋಡು, ಆಕಳ ತಗದಿ, ಬಸ್ಸೂ ಹೋತು!"

೨. ಪತ್ರಕ್ಕ ಒಗ್ಗರಣಿ

ಅಜ್ಜಿ ಸೋಲಾಕಿ ಅಲ್ಲ. ಸಂತಿಗೆ ಬಂದಾಗೆಲ್ಲಾ ಡಿಪೋಕ್ಕ ಹೋಗಿ ಕೇಳೂದು, ಆಮ್ಯಾಲೆ ನನ್ನ ಅಂಗಡಿ ಬೆಂಚಿನ ಮ್ಯಾಲೆ ಕುಂತು ಎಲಿ ಅಡಕಿ ಹಾಕ್ಕೋಂತ ಊರಿನ ಬಸ್ಸು ಕಾಯೂದು. ಹಂಗ ಕುಂತಾಗ ಒಂದಿನ ಬ್ಯಾಡಗಿಯಿಂದ ಒಬ್ರು ಮೆಣಸಿನಕಾಯಿ ವ್ಯಾಪಾರಸ್ಥರು ಬಂದ್ರು. ದೂರದ ಊರಿನ ಹೊಸಾ ಗಿರಾಕಿಗೆ ಇಂಗ್ಲಿಷಿನ್ಯಾಗ ಪತ್ರ ಬೇಕಿತ್ತು. ನನ್ನ ಕಾನೂನಿನ ಪ್ರಕಾರ ಮುತ್ತಿನಂಥಾ ಮೂರ ಸಾಲು ಟೈಪ್ ಮಾಡಿ ಕೊಟ್ಟೆ.

"ಛಲೋ ಐತ್ರಿ ಅಕ್ಕಾರ. ಆದ್ರ ಇದರಾಗ ಬಣ್ಣ ಎಲ್ಲೈತಿ?" ಅಂತಂದು, ತಮ್ಮ ಚೀಲದಾಗಿಂದ ಖಾರಪುಡಿ ಪುಡಿಕಿ ತಗದು, ಚಿಟಿಕಿ ಚಿಟಿಕಿ ತಗೊಂಡು ಇಡೀ ಕಾಗದಕ್ಕ ತಿಕ್ಕಿಬಿಟ್ರು.

"ಅಯ್ಯ, ಇದು ವ್ಯವಹಾರದ ಪತ್ರರೀ! ಒಗ್ಗರಣಿ ಅಲ್ಲ!" ಅಂತ ನಾನು ಸೀನಕೋಂತನ ಚೀರಿದೆ.

ಮುಂದ ಒಂದಿನ ಅವರು ಪೇಡೆ ಡಬ್ಬಿ ಹಿಡಕೊಂಡು ಬಂದ್ರು. ಲಕೋಟಿ ಮ್ಯಾಲಿನ ನಂಬರ್ ನೋಡಿ ಗಿರಾಕಿ ಫೋನ್ ಮಾಡಿದ್ನಂತ: "ಲಕೋಟಿ ಒಡದ ಕೂಡ್ಲೇ ಆಫೀಸಿಗೆ ಆಫೀಸ ಸೀನಾಕ ಹತ್ತಿತು. ಪತ್ರದಾಗ ಒಂದಕ್ಷರ ಓದಾಕ ಆಗಲಿಲ್ಲ, ಎಲ್ಲಾ ಕೆಂಪ ಆಗಿತ್ತು. ಬಣ್ಣ ಪಸಂದ್ ಐತಿ, ಮಾಲ್ ಕಳಸ್ರಿ."

ನನ್ನ ಮುತ್ತಿನಂಥಾ ಇಂಗ್ಲಿಷ್ ಯಾರೂ ಓದಿರಲಿಲ್ಲ. ಪೇಡೆ ಮಾತ್ರ ನಾನು, ಅಜ್ಜಿ ಕೂಡಿ ತಿಂದ್ವಿ. ಅಜ್ಜಿ ಬಾಯಿ ಒರಸಿಕೊಂಡು ಅಂದ್ಲು: "ಬರೇ ಕಾಗದ ಕಳಿಸಿದ್ರ ಬರೇ ಕಾಗದನ ವಾಪಸ್ ಬರತೈತಿ, ತಂಗಿ. ಪೇಡೆ ಬರೂದಿಲ್ಲ."

೩. ಮಾವನವರ ಮಾಹಿತಿಗಾಗಿ

ಹಾವೇರಿಯ ಒಂದು ಆಫೀಸಿನ ಗುಮಾಸ್ತ. ಹೆಂಡತಿ ಸಿಟ್ಟು ಮಾಡಿಕೊಂಡು ಅಗಡಿ ಊರಿನ ತವರಮನಿಗೆ ಹೋಗಿದ್ಲು. ಫೋನ್ ಎತ್ತವಲ್ಲಳು. ಹಾವೇರ್ಯಾಗ ಪತ್ರ ಬರಸಿದ್ರ ಊರಿಗೆಲ್ಲಾ ಡಂಗುರ ಆಗತೈತಿ ಅಂತ ರಾಣೆಬೆನ್ನೂರಿಗೆ ಬಂದಿದ್ದ. ಅಂವ ಹೇಳಿ ಬರಸಿದ್ದು ಹಿಂಗ:

"ವಿಷಯ: ತವರುಮನೆಯಿಂದ ಮರಳಿ ಬರುವ ಕುರಿತು. ಉಲ್ಲೇಖ: ಪಂಚಮಿ ಹಬ್ಬದ ದಿನದ ಜಗಳ. ಪ್ರತಿ: ಮಾವನವರ ಮಾಹಿತಿಗಾಗಿ."

"ಹಿಂಗ ಬರದ್ರ ಬಾಯಾರು ಬರೂದಿಲ್ರಿ, ವಕೀಲರ ನೋಟೀಸ್ ಬರತೈತಿ" ಅಂದೆ.

ಬೆಂಚಿನ ಮ್ಯಾಲಿಂದ ಅಜ್ಜಿ ಬಾಯಿ ಹಾಕಿದ್ಲು. "ಎಪ್ಪಾ, ಬರ್ತೀ ಏನು ಅಂತ ಕೇಳಬ್ಯಾಡ. ಕೇಳಿದ್ರ ಒಲ್ಲೆ ಅಂತಾರ. 'ಐತವಾರ ಕರಿಯಾಕ ಬರಾಕತ್ತೇನಿ, ಹೊಸಾ ಸೀರಿ ತಂದೇನಿ, ಅದನ್ನ ಉಟಗೊಂಡ ತಯಾರಾಗು' ಅಂತ ಬರಿ. ಎಲ್ಲಾ ಆಗಿಹೋಗೇತಿ ಅನ್ನುವಂಗ!"

ಹಂಗ ಬರದ್ವಿ. ಅಗಡಿಯಿಂದ ಲಗೂನ ಉತ್ತರ ಬಂತು. ಅಂವ ಓಡಿ ಬಂದು ತೋರಿಸಿದ:

"ವಿಷಯ: ಸೀರೆಯ ಬಣ್ಣ ತಿಳಿಸುವ ಕುರಿತು. ಉಲ್ಲೇಖ: ನಿಮ್ಮ ಪತ್ರ. ಪ್ರತಿ: ಅತ್ತೆಯವರ ಮಾಹಿತಿಗಾಗಿ."

೪. ಕುಂಕುಮದ ಲಕೋಟಿ

ಆ ಉತ್ತರ ಓದಿ ನಕ್ಕಿದ್ದ ನಕ್ಕಿದ್ದು. ನಗಿ ನಿಂತ ಮ್ಯಾಲೆ ಅಜ್ಜಿ ಎದ್ದು ನಿಂತ್ಲು. "ತಂಗಿ, ಈಗ ನಂದು ಬರಿ. ಅರ್ಜಿ ಅಲ್ಲ, ಆಮಂತ್ರಣ."

ಹೇಳಿದ್ಲು, ನಾನು ಬರದೆ. "ಡಿಪೋ ಸಾಹೇಬ್ರಿಗೆ ಶರಣು. ನಾವೆಲ್ಲಾ ಕ್ಷೇಮ, ಆಕಳ ಕರು ಕ್ಷೇಮ. ಬರೂ ಸೋಮವಾರ ಮುಂಜಾನೆ ಎಂಟಕ್ಕ ನೀವು ನಮ್ಮೂರಿಗೆ ಬಿಡೂ ಹೊಸಾ ಬಸ್ಸಿನ ಪೂಜಿ ಇಟ್ಟೇವಿ. ತಾವು ಬಸ್ಸು ಸಮೇತ ಬರಬೇಕು. ಹೋಳಿಗಿ ಊಟ ಐತಿ."

"ಅಜ್ಜಿ! ಬಸ್ಸ ಇಲ್ಲ, ಪೂಜಿ ಎಲ್ಲಿಂದು? ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲದಂಗ ಆತು!"

"ಹೊಲದ ಇಡು. ಕುಲಾವಿ ನೋಡಿಯಾದ್ರೂ ಕೂಸು ಹುಟ್ಟತೈತಿ."

ಲಕೋಟಿಯ ನಾಕೂ ಮೂಲಿಗೆ ಅರಿಷಿಣ ಕುಂಕುಮ ಹಚ್ಚಿ, ತಮ್ಮೂರ ಓಣಿ ಹೆಂಗಸರನ್ನೆಲ್ಲಾ ಕಟಗೊಂಡು, ಟೆಂಗಿನಕಾಯಿ ಸಮೇತ ಡಿಪೋಕ್ಕ ಹೋದ್ಲು. ಅರ್ಜಿ ಆಗಿದ್ರ ಸಾಹೇಬ್ರು ಪರಿಶೀಲಿಸ್ತಿದ್ರು. ಕುಂಕುಮ ಹಚ್ಚಿದ ಕರಿಯೋಲಿ ಒಲ್ಲೆ ಅನ್ನಾಕ ನಮ್ಮ ಕಡೆ ಯಾರಿಗೆ ಧೈರ್ಯ ಐತಿ? ತಗೊಂಡು ಕಣ್ಣಿಗೊತ್ತಿಕೊಂಡ್ರಂತ. ಅಷ್ಟರಾಗ ಹೋಳಿಗಿ ಸುದ್ದಿ ಡಿಪೋ ತುಂಬ ಹಬ್ಬಿ, ಡ್ರೈವರು, ಕಂಡಕ್ಟರು ನಾ ಹೋಕ್ಕೇನಿ, ನಾ ಹೋಕ್ಕೇನಿ ಅಂತ ಜಗಳಾ ತಗದಿದ್ರಂತ.

ಸೋಮವಾರದ ಹಿಂದಿನ ದಿನನ ನಾನೂ ಹೋಗಿ ಆ ಹಳ್ಳ್ಯಾಗ ವಸ್ತಿ ಇದ್ದೆ. ಮುಂಜಾನೆ ಊರಿಗೆ ಊರ ಅಗಸಿ ಬಾಗಲ ಮುಂದ ನಿಂತಿತ್ತು. ಮೊಮ್ಮಗಳು ಪುಸ್ತಕದ ಚೀಲ ಅವಚಿಕೊಂಡು ರಸ್ತೆನ ನೋಡಾಕತ್ತಿದ್ಲು.

ಎಂಟಕ್ಕ ಹಾರನ್ ಕೇಳಿಸ್ತು. ಬಂತ್ರಿ ಬಸ್ಸು! ಮುಂದಿನ ಸೀಟಿನ್ಯಾಗ ಸಾಹೇಬ್ರು! ಬಸ್ಸಿಗೊಂದು ಮಾಲಿ, ಸಾಹೇಬ್ರಿಗೊಂದು ಮಾಲಿ, ಮ್ಯಾಲೆ ಶಾಲು. ಸಾಹೇಬ್ರು ಭಾಷಣಾನೂ ಮಾಡಿದ್ರು: "ಈ ಬಸ್ಸು ಬಿಡಬೇಕು ಅಂತ ನನ್ನ ಮನಸಿನ್ಯಾಗ ಭಾಳ ದಿನದಿಂದ ಇತ್ತು. ಇವತ್ತಿನ ಮಟ್ಟಿಗೆ..."

"ಇವತ್ತಿಂದ ದಿನಾ ಬರತೈತಂತ!" ಅಂತ ಅಜ್ಜಿ ಚೀರಿದ್ಲು. ಊರೆಲ್ಲಾ ಚಪ್ಪಾಳಿ ಬಡೀತು. ಸಾಹೇಬ್ರು ಶಾಲು ಮುಟ್ಟಿ ನೋಡಿಕೊಂಡ್ರು, ಮಂದೀನ ನೋಡಿದ್ರು, ತಾವೂ ಚಪ್ಪಾಳಿ ಬಡದ್ರು. ಮೊಮ್ಮಗಳು ಬಸ್ಸು ಹತ್ತಿದಾಗ ನಾನು ಖರೇನ ಅತ್ತೆ. ಇವತ್ತಿಗೂ ಆ ಬಸ್ಸು ತಪ್ಪಿಲ್ಲ, ಹುಡುಗಿ ಪರೀಕ್ಷಾ ಪಾಸೂ ಆದ್ಲು.

ಅವತ್ತ ಊಟ ಮುಗಿಸಿ ಸಾಹೇಬ್ರು ಕೈ ತೊಳಕೊಂಡ್ರು. ಅಜ್ಜಿ ಸೆರಗಿನಾಗಿಂದ ಇನ್ನೊಂದು ಕುಂಕುಮದ ಲಕೋಟಿ ತಗದು ಅವರ ಕೈಯಾಗ ಇಟ್ಲು. ಟೈಪ್ ಮಾಡಿದಾಕಿ ನಾನ, ಸುಳ್ಳ ಯಾಕ ಹೇಳ್ಲಿ?

"ಸಂಜೀ ಬಸ್ಸಿನ ಪೂಜಿಗೂ ನೀವ ಬರಬೇಕ್ರಿ, ಸಾಹೇಬ್ರ."

ಸಾಹೇಬ್ರು ಲಕೋಟಿ ಒಡೀಲೇ ಇಲ್ಲ. ಕಣ್ಣಿಗೊತ್ತಿಕೊಂಡು ಕಿಸೆದಾಗ ಇಟಗೊಂಡು, ಮೆಲ್ಲಕ ಕೇಳಿದ್ರು:

"ಅವತ್ತ ಏನ ಮಾಡ್ತೀರಿ ಅಜ್ಜಿ, ಹೋಳಿಗೀನೋ, ಕರಿಗಡಬೋ?"